ಹೆಜ್ಜೆ ಎಣಿಸುವ ಫೋನಿಗೆ ತಿಳಿಯದ ಹೊರೆ

ನಾಲ್ಕು ವರ್ಷಗಳ ಹಿಂದೆ ಕಾರವಾರದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಪ್ರಮಾಣ, 6.1 ಎಂದು ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಂತೆ, 6.5 ಆದರೆ ಹೊಸ್ತಿಲು ದಾಟಿದಂತೆ ಎಂದು ವೈದ್ಯರು ಬಿಡಿಸಿ ಹೇಳಿ, ಸದ್ಯಕ್ಕೆ ಮಾತ್ರೆ ಬೇಡ, ದಿನವೂ ನಡೆಯಿರಿ ಎಂದರು. ಶಿರಸಿ ಕಡೆಯ ಹಳ್ಳಿಯಲ್ಲಿ ತೋಟ, ಗದ್ದೆ, ಬೆಟ್ಟ ಎಂದು ಓಡಾಡಿಕೊಂಡು ಬೆಳೆದವಳು ನಾನು. ಆದರೆ ಹದಿನೆಂಟು ವರ್ಷಗಳಿಂದ ಕಚೇರಿಯ ಕುರ್ಚಿಯಲ್ಲಿ ಕುಳಿತು ಕಡತ ನೋಡುತ್ತ ನನ್ನ ದೇಹ ಯಾವಾಗ ಬದಲಾಯಿತೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ ಹೊಸ್ತಿಲಲ್ಲಿರುವ 13.6 ಕೋಟಿ ಜನರೂ ಇದ್ದಾರೆಂದು ಅಂದಾಜಿಸಿತು. ಆ ವರದಿಯನ್ನು ಓದಿದಾಗ ಎರಡನೆಯ ಸಂಖ್ಯೆಯಲ್ಲಿ ನಾನೂ ಒಬ್ಬಳು ಎಂಬುದು ಮೊದಲು ಮನಸ್ಸಿಗೆ ಬಂತು.

ಪರೀಕ್ಷೆಯ ಫಲಿತಾಂಶ ಬಂದ ಸಂಜೆಯೇ ಮಗಳು ನನ್ನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟಳು. ಮಹಡಿಯನ್ನು ನಾಲ್ಕು ಸಲ ಹತ್ತಿಳಿದು ತುಂಬ ದಣಿದೆನೆಂದುಕೊಂಡಿದ್ದ ಮರುದಿನದ ಲೆಕ್ಕ 2,900 ಹೆಜ್ಜೆಯಾಗಿತ್ತು. ಆ ಸಂಖ್ಯೆ ನನ್ನನ್ನು ಎಬ್ಬಿಸಿದಷ್ಟು ಯಾರ ಬುದ್ಧಿವಾದವೂ ಎಬ್ಬಿಸಿರಲಿಲ್ಲ. ನಾನು ನನ್ನ ಬಗ್ಗೆ ನಂಬಿಕೊಂಡಿದ್ದ ಒಂದು ಸುಳ್ಳನ್ನು ಅದು ಯಾವ ಮುಲಾಜೂ ಇಲ್ಲದೆ ತೋರಿಸಿತು. ಆ್ಯಪ್‌ನಿಂದ ನನಗೆ ಆದ ಈ ಉಪಕಾರವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಬರೆಯುವ ಮಾತುಗಳಲ್ಲಿ ದೂರುಗಳೇ ಹೆಚ್ಚಿವೆ. ಅಂದಿನಿಂದ ಬೆಳಿಗ್ಗೆ ಆರಕ್ಕೆ ಟಾಗೋರ್ ಕಡಲತೀರಕ್ಕೆ ಹೋಗಿ, ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿಯಿಂದ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ದಿಕ್ಕಿಗೆ ನಡೆಯುವುದು ರೂಢಿಯಾಯಿತು.

ಆ್ಯಪ್ ನನಗೆ ಕೊಟ್ಟ ಗುರಿ ದಿನಕ್ಕೆ 10,000 ಹೆಜ್ಜೆ. ಇದನ್ನು ಯಾವುದೋ ವೈದ್ಯಕೀಯ ಸಂಸ್ಥೆ ಲೆಕ್ಕ ಹಾಕಿ ನಿಗದಿಪಡಿಸಿರಬೇಕೆಂದು ನಾನು ಬಹುಕಾಲ ತಿಳಿದಿದ್ದೆ. ನಿಜವಾಗಿ ಅದು ಹುಟ್ಟಿದ್ದು ಜಪಾನಿನ ಮಾರುಕಟ್ಟೆಯಲ್ಲಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಅಲ್ಲಿಯ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಸಾಧನವನ್ನು ‘ಮಾನ್ಪೊಕೆ’ ಎಂಬ ಹೆಸರಿನಿಂದ ಮಾರತೊಡಗಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬುದು ಆ ಹೆಸರಿನ ಅರ್ಥ. ಮಾರಾಟಕ್ಕೆಂದು ಇಟ್ಟ ಆ ದುಂಡು ಸಂಖ್ಯೆ ಅರ್ಧ ಶತಮಾನದ ನಂತರ ನಮ್ಮ ಫೋನುಗಳಿಗೆ ಬಂದು ಕುಳಿತಿದೆ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಅವರ ಸಹೋದ್ಯೋಗಿಗಳು 16,741 ಹಿರಿಯ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಗಳ ನಂತರ ಲಾಭ ಮತ್ತೆ ಏರಲಿಲ್ಲ. ಅವರ ಸರಾಸರಿ ವಯಸ್ಸು 72 ಆಗಿದ್ದರಿಂದ ಆ ಅಂಕಿಗಳನ್ನು ನಲವತ್ತರ ನನಗೆ ನೇರವಾಗಿ ಹೊಂದಿಸಲಾಗದು. ಆದರೂ 9,200 ಹೆಜ್ಜೆ ನಡೆದ ರಾತ್ರಿ ಸೋತವಳಂತೆ ಮಲಗುತ್ತಿದ್ದ ಆ ಮೊದಲ ತಿಂಗಳುಗಳಲ್ಲಿ ಇಷ್ಟು ತಿಳಿದಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸೋತ ಭಾವನೆ ಬರಲು ಸಂಖ್ಯೆಯೊಂದೇ ಕಾರಣವಾಗಿರಲಿಲ್ಲ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ತಮ್ಮ, ಅತ್ತಿಗೆ, ಬೆಂಗಳೂರಿನಲ್ಲಿರುವ ಇಬ್ಬರು ಚಿಕ್ಕಪ್ಪನ ಮಕ್ಕಳು ಎಲ್ಲರೂ ರಾತ್ರಿ ಊಟದ ಹೊತ್ತಿಗೆ ತಮ್ಮ ಹೆಜ್ಜೆಗಳ ಚಿತ್ರ ಹಾಕುವ ಪದ್ಧತಿ ಶುರುವಾಯಿತು. ಮೊದಲಿಗೆ ಅದು ಹುರುಪನ್ನೇ ಕೊಟ್ಟಿತು. ದೂರದೂರ ಇರುವವರು ಒಂದೇ ಕೆಲಸದಲ್ಲಿ ತೊಡಗಿದ್ದೇವೆ ಎಂಬ ಸಂತೋಷ ಸಣ್ಣದಲ್ಲ. ಆಮೇಲೆ ಆ್ಯಪ್ ಒಂದು ದಿನವೂ ತಪ್ಪದೆ ಗುರಿ ಮುಟ್ಟಿದ ದಿನಗಳ ಸರಣಿಯನ್ನು ತೋರಿಸತೊಡಗಿತು, ನಾನು ಅದರ ಚಿತ್ರವನ್ನೂ ಹಾಕತೊಡಗಿದೆ. ಮಾರ್ಚ್‌ನಲ್ಲಿ ಆರಂಭವಾದ ನನ್ನ ಸರಣಿ 90 ದಿನ ದಾಟಿದಾಗ ಮಳೆಗಾಲ ಬಂತು. ಕಾರವಾರದ ಮಳೆ ವರ್ಷಕ್ಕೆ 3,000 ಮಿಲಿಮೀಟರ್ ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸುರಿಯುತ್ತದೆ. ಅಲೆಗಳು ಮರಳನ್ನು ಕೊರೆದು ದಂಡೆಯ ಗಾಳಿಮರಗಳ ಬುಡದವರೆಗೂ ಬರುವ ಆ ದಿನಗಳಲ್ಲಿ ತೀರದಲ್ಲಿ ನಡೆಯುವ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ದೇಹಕ್ಕೂ ಬೇರೆ ಲಯವಿರುತ್ತದೆ ಎಂಬುದನ್ನು ನಮ್ಮ ಹಿರಿಯರ ಇಡೀ ದಿನಚರಿಯೇ ಒಪ್ಪಿಕೊಂಡಿತ್ತು. ಆ್ಯಪ್‌ಗೆ ಋತು ತಿಳಿಯದು. ಅದರ ದಿನ ಮಧ್ಯರಾತ್ರಿ ಹನ್ನೆರಡಕ್ಕೆ ಹುಟ್ಟಿ ಮತ್ತೆ ಹನ್ನೆರಡಕ್ಕೆ ಮುಗಿಯುತ್ತದೆ.

ಸರಣಿ ಕಡಿಯಬಾರದೆಂದು ನಾನು ಮನೆಯೊಳಗೇ ನಡೆದೆ. ಗೋಡೆಯಿಂದ ಗೋಡೆಗೆ ಹನ್ನೆರಡು ಹೆಜ್ಜೆ, ತಿರುಗಿದರೆ ಮತ್ತೆ ಹನ್ನೆರಡು. ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ, ಕೆಲವು ರಾತ್ರಿ ಹನ್ನೊಂದೂವರೆಗೆ ಉಳಿದ 3,000 ಹೆಜ್ಜೆ ತುಂಬಿಸಲು ಒಂದೇ ಕಡೆಗೆ ತಿರುಗುತ್ತ ನಡೆದೆ. ಇದು ಸಾಲದೆಂಬಂತೆ, ಅತ್ತಿಗೆ ಗುಂಪಿಗೆ ಕಳುಹಿಸಿದ ಒಂದು ರೀಲ್ ನೋಡಿ ಮೂವತ್ತು ದಿನಗಳ ಬಸ್ಕಿಯ ಸವಾಲಿಗೂ ಇಳಿದೆ. ಅದರಲ್ಲಿ ಮೊದಲ ದಿನ ಇಪ್ಪತ್ತು ಬಸ್ಕಿ, ದಿನವೂ ಐದು ಹೆಚ್ಚು, ನಡುವೆ ಒಂದು ದಿನವೂ ಬಿಡುವಿಲ್ಲ. ಜುಲೈ ಮುಗಿಯುವ ಮೊದಲೇ ಬಲ ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿಕೊಂಡು, ಕಚೇರಿಯ ಮೆಟ್ಟಿಲನ್ನು ಒಂದೊಂದಾಗಿ ಕಂಬಿ ಹಿಡಿದು ಇಳಿಯುವಂತಾಯಿತು. ಸರಣಿ 113ಕ್ಕೆ ನಿಂತಿತು. ಫಿಸಿಯೋಥೆರಪಿಯವರು ಕೇಳಿದ ಮೊದಲ ಪ್ರಶ್ನೆ ಇದು: ‘ಮೇಡಂ, ವಾರದಲ್ಲಿ ಎಷ್ಟು ದಿನ ವಿಶ್ರಾಂತಿ ಕೊಡುತ್ತೀರಿ?’ ನನ್ನಲ್ಲಿ ಉತ್ತರವಿರಲಿಲ್ಲ.

ಅವರಿಂದ ನಾನು ಕಲಿತದ್ದು ದೊಡ್ಡ ವಿಷಯ. ಸ್ನಾಯು ಗಟ್ಟಿಯಾಗುವುದು ಶ್ರಮದ ನಂತರದ ಬಿಡುವಿನಲ್ಲಿ. ತೊಡೆಯ ಸ್ನಾಯುಗಳು ಸೋತಿದ್ದರೆ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚುತ್ತದೆ. ಶ್ರಮವನ್ನು ಒಮ್ಮೆಲೇ ಏರಿಸಿದರೆ ಕೀಲುಗಳು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಅವರೇ ಓದಲು ಹೇಳಿದರು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದು ಅದು ಹೇಳುತ್ತದೆ. ಗಮನಿಸಿ, ಅಲ್ಲಿರುವುದು ವಾರದ ಲೆಕ್ಕ. ಎರಡು ದಿನ ಜಡಿಮಳೆ ಹಿಡಿದು ಮೂರನೆಯ ದಿನ ಹೊಳವಾದರೆ ಆ ದಿನ ಹೆಚ್ಚು ನಡೆಯುವುದಕ್ಕೆ ಅದರಲ್ಲಿ ಜಾಗವಿದೆ. ತೊಡೆಗೆ ಬಲ ಕೊಡುವ ವ್ಯಾಯಾಮಗಳನ್ನು ನಾನು ಮನೆಯಲ್ಲಿ ಮುಂದುವರಿಸಿದ್ದು ಮತ್ತೆ ಫೋನಿನ ನೆರವಿನಿಂದಲೇ. ಅವರು ಆರಿಸಿಕೊಟ್ಟ ಯೂಟ್ಯೂಬ್ ವಿಡಿಯೊವೊಂದರಲ್ಲಿ ಕನ್ನಡದಲ್ಲಿ ನಿಧಾನವಾಗಿ, ಎಲ್ಲಿ ನೋವಾದರೆ ನಿಲ್ಲಿಸಬೇಕೆಂಬುದನ್ನೂ ಹೇಳುತ್ತ ತೋರಿಸಿಕೊಟ್ಟಿದ್ದಾರೆ. ಶಿರಸಿಯಲ್ಲಿರುವ ನನ್ನ ಆಯಿಯೂ ಅದನ್ನೇ ನೋಡಿ ಮಾಡುತ್ತಾಳೆ.

ಮಗಳ ವಿಷಯ ಇದಕ್ಕಿಂತ ಗಂಭೀರವಾದದ್ದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ, 2020ರ ಜುಲೈನಲ್ಲಿ, ಇನ್‌ಸ್ಟಾಗ್ರಾಮ್ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತು. ಮಗಳು ಪಿಯುಸಿಗೆ ಬರುವ ಹೊತ್ತಿಗೆ ಅದು ಅವಳ ಓರಗೆಯವರೆಲ್ಲರ ಕೈಯಲ್ಲಿತ್ತು. ಒಂದು ದಿನದಲ್ಲಿ ತಾವು ಏನೇನು ತಿನ್ನುತ್ತೇವೆಂದು ತೋರಿಸುವ, ಹೊಟ್ಟೆ ಕರಗಿಸುವ ಉಪಾಯ ಹೇಳುವ ವಿಡಿಯೊಗಳನ್ನು ಅವಳು ನೋಡುತ್ತಿದ್ದಳು. ಬೆಳಗಿನ ದೋಸೆ ನಿಂತಿತು. ಮಧ್ಯಾಹ್ನದ ಅನ್ನ ಒಂದು ಸೌಟಿಗೆ ಇಳಿಯಿತು. ಊರಿಗೆ ಹೋದಾಗ ಆಯಿ ಕಬ್ಬಿನ ಹಾಲಿನಿಂದ ಮಾಡಿದ ತೊಡದೇವು ಎಂಬ ತೆಳು ಸಿಹಿತಿಂಡಿಯನ್ನು ಒಂದು ಚೂರು ಮುರಿದು ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆಹಾರದ ಲೆಕ್ಕ ಇಡುವ ಆ್ಯಪ್ ಒಂದನ್ನೂ ಅವಳು ಹಾಕಿಕೊಂಡಿದ್ದಳು. ಅದರಲ್ಲಿ ತಂಬುಳಿ ಇರಲಿಲ್ಲ, ಅಪ್ಪೆಹುಳಿ ಇರಲಿಲ್ಲ, ಕುಚಲಕ್ಕಿ ಗಂಜಿಯೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ತಿನ್ನುವುದಕ್ಕೇ ಅವಳು ಹೆದರತೊಡಗಿದ್ದಳು. ಎರಡು ತಿಂಗಳು ಮುಟ್ಟು ತಪ್ಪಿದಾಗ ವೈದ್ಯರಲ್ಲಿಗೆ ಹೋದೆವು. ಶ್ರಮಕ್ಕೆ ಮತ್ತು ಬೆಳವಣಿಗೆಗೆ ಬೇಕಾದಷ್ಟು ಆಹಾರ ದೇಹಕ್ಕೆ ಸಿಗುತ್ತಿಲ್ಲ ಎಂದು ಅವರು ಹೇಳಿದರು.

ಆ ರಾತ್ರಿ ಅವಳು ಹೇಳಿದ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ: ‘ಅಮ್ಮಾ, ನಾನು ಹುಡುಕಿದ್ದು ಒಂದೇ ಸಲ. ಆಮೇಲೆ ಅದು ತಾನಾಗಿಯೇ ಬರುತ್ತಾ ಹೋಯಿತು.’ ಯಾವ ವಿಡಿಯೊದ ಮೇಲೆ ಬೆರಳು ಎಷ್ಟು ಹೊತ್ತು ತಡೆಯಿತೆಂಬುದನ್ನು ಗಮನಿಸಿ ಅಂಥದ್ದನ್ನೇ ಮತ್ತೆ ಮುಂದಿಡುವುದು ಈ ವ್ಯವಸ್ಥೆಯ ಕ್ರಮ. ಆಸೆಯಿಂದ ನೋಡಿದ್ದೋ ಭಯದಿಂದ ನೋಡಿದ್ದೋ ಎಂಬ ವ್ಯತ್ಯಾಸ ಅದಕ್ಕೆ ಬೇಕಿಲ್ಲ. ಫ್ರಾನ್ಸೆಸ್ ಹೌಗನ್ ಎಂಬ ಹಿಂದಿನ ಉದ್ಯೋಗಿ 2021ರಲ್ಲಿ ಹೊರಗಿಟ್ಟ ಫೇಸ್‌ಬುಕ್‌ನ ಒಳಗಿನ ದಾಖಲೆಗಳಲ್ಲಿ, ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲೊಬ್ಬಳಿಗೆ ತನ್ನ ದೇಹದ ಬಗೆಗಿನ ಕೊರಗನ್ನು ಇನ್‌ಸ್ಟಾಗ್ರಾಮ್ ಹೆಚ್ಚಿಸುತ್ತದೆ ಎಂದು ಕಂಪನಿಯ ಸಂಶೋಧಕರೇ ಬರೆದ ಟಿಪ್ಪಣಿ ಇತ್ತು. ಅಮೆರಿಕದ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಪಕ್ಕಕ್ಕಿಟ್ಟಿದ್ದೆ. ಅದು ನಮ್ಮ ಮನೆಯ ಊಟದ ತಟ್ಟೆಯವರೆಗೆ ಬರಬಹುದೆಂದು ಎಣಿಸಿರಲಿಲ್ಲ. ನಾವಿಬ್ಬರೂ ಒಂದು ವಾರ ಸಂಜೆ ಕುಳಿತು, ಬಂದ ಅಂಥ ಪ್ರತಿ ವಿಡಿಯೊಗೂ ಆಸಕ್ತಿ ಇಲ್ಲ ಎಂದು ಒತ್ತುತ್ತ ಹೋದೆವು. ಆಹಾರದ ಆ್ಯಪ್ ತೆಗೆದೆವು. ಅವಳು ಕಾಲೇಜಿನ ಥ್ರೋಬಾಲ್ ತಂಡಕ್ಕೆ ಸೇರಿದ ಮೇಲೆ, ಆಡಲು ಕಸುವು ಬೇಕು ಎಂಬ ಕಾರಣಕ್ಕೆ ದೋಸೆ ಮೆಲ್ಲಗೆ ಮರಳಿ ಬಂತು. ಇದೆಲ್ಲ ಆಗಲು ಏಳು ತಿಂಗಳು ಹಿಡಿಯಿತು.

ಈ ಮಧ್ಯೆ ಇನ್ನೊಂದು ಸಂಗತಿ ತಿಳಿಯಿತು. ನನ್ನ ನಡಿಗೆಯ ದಾರಿಯ ನಕ್ಷೆ, ಮನೆಯ ಗೇಟಿನಿಂದ ಹೊರಟು ಮರಳುವ ಸಮಯವೂ ಸೇರಿ, ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿತ್ತು. ಸ್ಟ್ರಾವಾ ಎಂಬ ಆ್ಯಪ್ 2017ರಲ್ಲಿ ಪ್ರಕಟಿಸಿದ ಜಾಗತಿಕ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳು ಬೆಳಗಿ ಹಲವು ಸೇನಾ ನೆಲೆಗಳ ಗುರುತು ಸಿಕ್ಕಿತ್ತೆಂಬುದು 2018ರ ಜನವರಿಯಲ್ಲಿ ಜಗತ್ತಿಗೇ ಗೊತ್ತಾಯಿತು. ಕದಂಬ ನೌಕಾನೆಲೆ ಇರುವ ಊರಿನವರಾದ ನಾವು ಇದನ್ನು ಮರೆಯುವಂತಿಲ್ಲ. ಒಬ್ಬಳೇ ನಸುಕಿನಲ್ಲಿ ನಡೆಯುವ ಹೆಂಗಸಂತೂ ಮೊದಲು ಆ ಸೆಟ್ಟಿಂಗ್ ಮುಚ್ಚಿಯೇ ಹೊರಡಬೇಕು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗುವಾಗ, ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕುಳಿತೇ ಇದ್ದ ನನಗೆ ಫೋನು ಕೆಲವು ನೂರು ಹೆಜ್ಜೆಗಳನ್ನು ಕೊಟ್ಟಿತು. ಫೋನಿನೊಳಗಿನ ಆಕ್ಸಿಲರೋಮೀಟರ್ ಎಂಬ ಚಿಕ್ಕ ಚಿಪ್ ಅಲುಗಾಟವನ್ನು ಅಳೆಯುತ್ತದೆ, ಒಂದೇ ಲಯದಲ್ಲಿ ಮರುಕಳಿಸುವ ಅಲುಗಾಟವನ್ನು ಆ್ಯಪ್ ಹೆಜ್ಜೆಯೆಂದು ಓದುತ್ತದೆ. ಆದ್ದರಿಂದ ರಸ್ತೆಯ ಕುಲುಕಾಟವೂ ಒಮ್ಮೊಮ್ಮೆ ನಡಿಗೆಯಾಗುತ್ತದೆ, ಹೊತ್ತ ಭಾರ ಮಾತ್ರ ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ತಮ್ಮ ತನ್ನ ಫೋನನ್ನು ಅಪ್ಪನ ಅಂಗಿಯ ಜೇಬಿಗೆ ಹಾಕಿ ಕಳುಹಿಸಿದ. ಅಪ್ಪ ಬೆಟ್ಟದಿಂದ ದರಕಿನ, ಅಂದರೆ ಒಣಗಿದ ಎಲೆಗಳ, ಹೊರೆಯನ್ನು ತಲೆಯ ಮೇಲೆ ಹೊತ್ತು ತಂದು, ಅಡಿಕೆ ತೋಟದ ಎರಡು ಸಾಲಿನ ಬುಡಗಳಿಗೆ ಹಾಸಿ, ಕಾಲುವೆಯ ಮಣ್ಣೆತ್ತಿ, ಮಧ್ಯಾಹ್ನದ ಊಟಕ್ಕೆ ಬಂದರು. ಲೆಕ್ಕ 5,800 ಇತ್ತು. ಅದೇ ಹೊತ್ತಿಗೆ ಬೆಂಗಳೂರಿನ ಚಿಕ್ಕಪ್ಪನ ಮಗನೊಬ್ಬ ಮಾಲ್‌ನಲ್ಲಿ ಸುತ್ತಾಡಿ ಗುಂಪಿಗೆ 11,000 ಎಂದು ಹಾಕಿದ್ದ. ಅಪ್ಪ ಪರದೆಯನ್ನು ನೋಡಿ, ‘ತಂಗಿ, ತಲೆ ಮೇಲಿನ ಹೊರೆ ಇದ್ಕೆ ಗೊತ್ತಾಗ್ತಿಲ್ಯಾ?’ ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು.

ಆ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಜಿಲ್ಲೆಯ ದುಡಿಮೆಯನ್ನೆಲ್ಲ ನಾನು ಹೊಸದಾಗಿ ನೋಡಿದೆ. ಅಡಿಕೆಯ ಕೊನೆ ಕೊಯ್ಯುವವರು ಮರದ ತುದಿಯಲ್ಲಿ ಬಾಗಿ ಪಕ್ಕದ ಮರಕ್ಕೆ ದಾಟುವಾಗ ಅವರ ತೋಳು, ತೊಡೆ, ಬೆನ್ನು ಮಾಡುವ ಕೆಲಸಕ್ಕೆ ಹೆಜ್ಜೆಯ ಲೆಕ್ಕದಲ್ಲಿ ಹೆಸರೇ ಇಲ್ಲ. ದಂಡೆಯಲ್ಲಿ ನಿಂತು ರಂಪಣಿ ಬಲೆ ಎಳೆಯುವವರು ಇಂಚಿಂಚಾಗಿ ಹಿಂದಕ್ಕೆ ಸರಿಯುತ್ತಾರೆ. ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಬರುವ ಹೆಂಗಸಿನ ಹೆಜ್ಜೆಯೂ ಬರಿಗೈಯಲ್ಲಿ ನಡೆಯುವ ನನ್ನ ಹೆಜ್ಜೆಯೂ ಫೋನಿಗೆ ಒಂದೇ. ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲೇ ತೋರಿಸಿದ್ದಾರೆ, ನನ್ನ ಆ್ಯಪ್ ಮಾತ್ರ ಕಡಲತೀರವನ್ನೂ ಕಚೇರಿಯ ಪಡಸಾಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಕೈಗಡಿಯಾರಗಳು ಹೇಳುವ ಕ್ಯಾಲೊರಿಯ ಮಾತೂ ಹೀಗೆಯೇ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಹೃದಯ ಬಡಿತವನ್ನು ಸರಿಯಾಗಿಯೇ ಅಳೆದವು, ಆದರೆ ಖರ್ಚಾದ ಶಕ್ತಿಯ ಲೆಕ್ಕದಲ್ಲಿ ಅತ್ಯಂತ ನಿಖರವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ನಾನು ಆ್ಯಪ್ ತೆಗೆದಿಲ್ಲ. ಕುಳಿತೇ ಕಳೆದ ದಿನವನ್ನು ಕುಳಿತೇ ಕಳೆದೆ ಎಂದು ಹೇಳುವ ಅದರ ಗುಣ ನನಗೆ ಈಗಲೂ ಬೇಕು. ದೈನಿಕ ಗುರಿಯನ್ನು 7,000ಕ್ಕೆ ಇಳಿಸಿ, ಸರಣಿ ತೋರಿಸುವುದನ್ನು ನಿಲ್ಲಿಸಿ, ಭಾನುವಾರಕ್ಕೊಮ್ಮೆ ವಾರದ ಮೊತ್ತ ನೋಡುತ್ತೇನೆ. ಕುಟುಂಬದ ಗುಂಪಿಗೆ ಸಂಖ್ಯೆಯ ಚಿತ್ರ ಹಾಕುವುದನ್ನು ಬಿಟ್ಟಿದ್ದೇನೆ. ಬದಲಿಗೆ ತೀರದಲ್ಲಿ ಪರಿಚಯವಾದ ಐವರು ಹೆಂಗಸರ ಚಿಕ್ಕ ಗುಂಪೊಂದಿದೆ, ಅದರಲ್ಲಿ ಬರುವ ಸಂದೇಶ ‘ಆರಕ್ಕೆ ಬರುತ್ತೀರಾ?’ ಎಂಬುದೊಂದೇ. ಬರುತ್ತೇನೆಂದು ಉತ್ತರಿಸಿದ ಮೇಲೆ ಹಾಸಿಗೆಯಲ್ಲಿ ಉಳಿಯಲು ಮನಸ್ಸು ಒಪ್ಪುವುದಿಲ್ಲ. ಕಳೆದ ಮಾರ್ಚ್‌ನ ಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ 5.8 ಬಂದಿದೆ.

ನಿನ್ನೆಯಿಂದ ಮಳೆ ಜೋರಾಗಿದೆ. ಇಂದು ನಸುಕಿನಲ್ಲಿ ಗುಂಪಿನಲ್ಲಿ ಒಬ್ಬರು, ಕಡಲು ಇಳಿಯುವವರೆಗೆ ಎಲ್ಲರೂ ಮನೆಯಲ್ಲಿಯೇ ತೊಡೆಯ ವ್ಯಾಯಾಮ ಮಾಡಿ ಎಂದು ಬರೆದಿದ್ದರು. ಮಗಳೂ ನಾನೂ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಕೂತು ಎದ್ದು ಕೂತು ಎದ್ದು ಹದಿನೈದರಂತೆ ಮೂರು ಸಲ ಮಾಡಿದೆವು. ಆಮೇಲೆ ದೋಸೆಗೆ ಕಾವಲಿ ಇಟ್ಟೆ.