ಡಾಕ್ಟರ್ ಹೇಳುತ್ತಾನೆ, ನರ್ಸ್ ಕಲಿಸುತ್ತಾಳೆ

ನಾನು ಅನುವಾದದ ಕೆಲಸಕ್ಕೆ ಬಂದು 11 ವರ್ಷ ಆಯಿತು. ಈಗೀಗ ಮೊದಲ ಕರಡನ್ನು ಎಐ ಮಾಡಿಕೊಡುತ್ತದೆ, ತಿದ್ದುವುದು ನಮ್ಮ ಪಾಲು. ಕಳೆದ ವರ್ಷ ಸಕ್ಕರೆ ಕಾಯಿಲೆಯ ಬಗ್ಗೆ 24 ಪುಟದ ಪುಸ್ತಿಕೆಯೊಂದು ಬಂತು. ಕರಡು ಸರಾಗವಾಗಿತ್ತು. ಔಷಧಿಯ ಹೆಸರು, ಅಳತೆ ಎಲ್ಲವನ್ನೂ ಎರಡೆರಡು ಸಲ ನೋಡಿ ಕಳಿಸಿದೆ.

ಮರುದಿನ ಆಸ್ಪತ್ರೆಯ ಡಾಕ್ಟರ್ ಮೇಡಂ ಫೋನ್ ಮಾಡಿದರು. "ಮೇಡಂ, ಪುಸ್ತಕದ ತುಂಬಾ ಡಾಕ್ಟರ್ ಹೇಳುತ್ತಾನೆ, ನರ್ಸ್ ಕಲಿಸುತ್ತಾಳೆ ಅಂತಿದೆ. ಇಲ್ಲಿ ಡಾಕ್ಟರ್ ನಾನು. ಇನ್ಸುಲಿನ್ ಚುಚ್ಚಿಕೊಳ್ಳೋದನ್ನ ಕಲಿಸೋದು ನಮ್ಮ ಬ್ರದರ್, ಅಂದ್ರೆ ಗಂಡು ನರ್ಸ್."

ಇಂಗ್ಲಿಷ್ ಮೂಲ ತೆಗೆದು ನೋಡಿದೆ. ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಅದು ಬೇಕಾಗಿಲ್ಲ. ಕನ್ನಡದಲ್ಲಿ ಹಾಗಲ್ಲ. ಹೇಳುತ್ತಾನೆ, ಹೇಳುತ್ತಾಳೆ, ಹೇಳುತ್ತಾರೆ, ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಇಂಥ ಎಐಯನ್ನು ದೊಡ್ಡ ಭಾಷಾ ಮಾದರಿ ಅನ್ನುತ್ತಾರೆ; ಅದು ಮಾಡುವುದು ಬರಹದ ಮುಂದಿನ ತುಣುಕು ಯಾವುದಿರಬಹುದು ಎಂಬ ಊಹೆ. ತಾನು ಓದಿದ ರಾಶಿ ಬರಹದಲ್ಲಿ ಯಾವುದನ್ನು ಜಾಸ್ತಿ ಕಂಡಿದೆಯೋ ಅದರ ಕಡೆಗೆ ವಾಲುತ್ತದೆ. ಪುಟದಲ್ಲಿ ಇಲ್ಲದ್ದನ್ನು ಅಲ್ಲಿಂದ ತಂದು ತುಂಬಿತ್ತು.

ನನಗೆ ಜಾಸ್ತಿ ನೋವಾದದ್ದು ಬೇರೆಯದಕ್ಕೆ. ಆ ಊಹೆ ನನ್ನ ಕಣ್ಣಿಗೂ ಸಹಜ ಅನಿಸಿತ್ತು. ಅದಕ್ಕೇ ದಾಟಿಹೋಯಿತು. ಮರ್ಯಾದೆಯ ವಿಷಯವೂ ಇದೆ. ನಾವು ಯಾರೂ ಡಾಕ್ಟರನ್ನು "ಹೇಳುತ್ತಾನೆ" ಅನ್ನುವುದಿಲ್ಲ, ಅಲ್ವಾ?

"ಎಲ್ಲರಿಗೂ ಬಹುವಚನ ಬಳಸು" ಎಂದು ಎಐಗೆ ಸೂಚನೆ ಕೊಟ್ಟೆ. ಮೊದಲ ಕೆಲವು ಪುಟ ಸರಿ ಬಂತು. ಆಮೇಲೆ ನರ್ಸ್ ಮತ್ತೆ "ಕಲಿಸುತ್ತಾಳೆ". ಕೆಲಸ ಉದ್ದವಾದಂತೆ ಮೊದಲು ಹೇಳಿದ ಮಾತಿನ ಹಿಡಿತ ಸಡಿಲವಾಗಬಹುದು. ಈಗ ನಾಲ್ಕು ನಾಲ್ಕೇ ಪುಟ ಕೊಡುತ್ತೇನೆ, ಪ್ರತಿ ಸಲ ಸೂಚನೆಯನ್ನೂ ಮತ್ತೆ ಹಾಕುತ್ತೇನೆ.

ಇನ್ನೊಂದು ಚಾಳಿಯೂ ಆ ವಾರವೇ ಕಂಡಿತು. ಸರಿಯಾಗಿದ್ದ ವಾಕ್ಯವೊಂದನ್ನು ತೋರಿಸಿ "ಇದು ತಪ್ಪಲ್ವಾ?" ಎಂದು ಕೇಳಿದೆ. ಕ್ಷಮೆ ಕೇಳಿ ಬದಲಿಸಿಬಿಟ್ಟಿತು. "ಊಟಕ್ಕೆ ಮುಂಚೆ" ಎಂದಿದ್ದದ್ದು "ಊಟದ ನಂತರ" ಆಗಿತ್ತು! ಮಾತ್ರೆಯ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಜನ ಯಾವ ಉತ್ತರ ಮೆಚ್ಚುತ್ತಾರೆ ಎಂದು ನೋಡಿ ನೋಡಿ ಇವಕ್ಕೆ ತರಬೇತಿ ಕೊಡುತ್ತಾರೆ. ಕೇಳುವವರ ಮಾತಿಗೆ ತಲೆಯಾಡಿಸುವ ಗುಣಕ್ಕೆ ಅದೂ ಒಂದು ಕಾರಣ. ಹಾಗಾಗಿ ನನ್ನ ಅನುಮಾನದ ಸುಳಿವು ಕೊಡುವುದಿಲ್ಲ. "ಮೂಲದಲ್ಲಿ ಏನಿದೆ, ಅನುವಾದದಲ್ಲಿ ಏನಿದೆ, ಎರಡನ್ನೂ ಪಕ್ಕಪಕ್ಕ ಬರೆ" ಎಂದಷ್ಟೇ ಕೇಳುತ್ತೇನೆ. ಎರಡು ಅನುವಾದ ಕೊಟ್ಟು ಯಾವುದು ಚೆನ್ನ ಎಂದು ಕೇಳಿದಾಗ, ಜಾಗ ಅದಲುಬದಲು ಮಾಡಿ ಇನ್ನೊಮ್ಮೆ ಕೇಳುತ್ತೇನೆ. ಎಷ್ಟೋ ಸಲ ಉತ್ತರವೂ ಅದಲುಬದಲಾಗುತ್ತದೆ.

ಪುಸ್ತಿಕೆಯನ್ನು ಕೊನೆಗೆ ನಾನೇ ಕೂತು ತಿದ್ದಿದೆ. "ತ್ತಾನೆ", "ತ್ತಾಳೆ" ಎಂದು ಮುಗಿಯುವ ಪ್ರತಿ ಪದವನ್ನೂ ಹುಡುಕಿದೆ. ಡಾಕ್ಟರ್ ಮೇಡಂಗೆ ಫೋನ್ ಮಾಡಿ, ಅವರ ಆಸ್ಪತ್ರೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡೆ. ಆ ಫೋನನ್ನು ಈಗ ಕರಡಿಗಿಂತ ಮೊದಲೇ ಮಾಡುತ್ತೇನೆ.