ಗೋಣಿಕೊಪ್ಪಲಿನಿಂದ ಸಿಡ್ನಿಗೆ: ಟಿಕೆಟ್‌ನಲ್ಲಿ ಕಾಣದ ಗಂಟೆಗಳು

ಬೆಂಗಳೂರಿನಿಂದ ಸಿಡ್ನಿಗೆ ಆಕಾಶಮಾರ್ಗದಲ್ಲಿ ಸುಮಾರು 9,350 ಕಿ.ಮೀ. ಗೋಣಿಕೊಪ್ಪಲಿನ ನಮ್ಮ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 270. ಕಳೆದ ಜುಲೈಯಲ್ಲಿ ಮಗಳ ಮನೆಗೆ ಹೊರಟಾಗ ನಮ್ಮನ್ನು ಗೋಳು ಹೊಯ್ದುಕೊಂಡದ್ದು ಈ 270.

ವಿಮಾನ ರಾತ್ರಿ 11ಕ್ಕೆ. ಬೆಳಿಗ್ಗೆ 10ಕ್ಕೇ ಮನೆ ಬಿಟ್ಟೆವು. ‘ಇಷ್ಟು ಬೇಗ ಹೋಗಿ ಅಲ್ಲಿ ಏನು ಮಾಡುವುದು?’ ಎಂದು ಹೆಂಡತಿ ಗೊಣಗುತ್ತಲೇ ಕಾರು ಹತ್ತಿದಳು. ತಿತಿಮತಿಯ ಹತ್ತಿರ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಗರಗಸದವರು ಬಂದು ಕಡಿದು ಸರಿಸುವವರೆಗೆ ಒಂದೂವರೆ ಗಂಟೆ ವೈಪರ್ ಆಡುವುದನ್ನೇ ನೋಡುತ್ತ ಕುಳಿತೆವು. ಗೊಣಗಾಟ ನಿಂತಿತ್ತು. ಹುಣಸೂರು, ಮೈಸೂರು ದಾಟಿ, ಬೆಂಗಳೂರಿನ ವಾಹನ ಸಂದಣಿಯಲ್ಲಿ ತೆವಳಿ ನಿಲ್ದಾಣ ಮುಟ್ಟಿದಾಗ ಸಂಜೆ 7. ಮಳೆಗಾಲದಲ್ಲಿ ಹೊರಡುವವರು ಹಿಂದಿನ ದಿನವೇ ಮೈಸೂರಿಗೆ ಇಳಿದು ತಂಗುವುದು ಒಳ್ಳೆಯದು. ಅಲ್ಲಿಂದ ನಿಲ್ದಾಣಕ್ಕೆ ನೇರ ಫ್ಲೈಬಸ್ ಇದೆ. ವಿದೇಶ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್‌ನಿಂದ, ಚಾಲಕರಿಗೆ ಮೊದಲೇ ಹೇಳಿಡಿ. ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ನಿಲ್ದಾಣ ಎಷ್ಟೋ ಹತ್ತಿರ, ನಿಜ. ಆದರೆ ಅದು ಗಲ್ಫ್‌ಗೆ ಹೋಗುವವರಿಗೆ ಅನುಕೂಲ, ಸಿಡ್ನಿಗೆ ಹೊರಟವರಿಗಲ್ಲ.

2022ರಲ್ಲಿ ಕ್ವಾಂಟಾಸ್ ಆರಂಭಿಸಿದ ನೇರ ವಿಮಾನದಲ್ಲಿ ಸುಮಾರು ಹನ್ನೊಂದೂವರೆ ಗಂಟೆಯ ಪಯಣ. ಬರುವಾಗ ಪಶ್ಚಿಮದಿಂದ ಬೀಸುವ ಮೇಲುಗಾಳಿಗೆ ಎದುರಾಗಿ ಹಾರಬೇಕಾದ್ದರಿಂದ ಇನ್ನೂ ಹೆಚ್ಚು. ನಾವು ಹೊರಟ ದಿನ ಅದು ಇರಲಿಲ್ಲ, ಸಿಂಗಪುರದ ಮೇಲೆ ಹೋದೆವು. ಸುತ್ತು ಬಳಸೆಂದು ಹೆದರಬೇಡಿ: ಸಿಂಗಪುರಕ್ಕೆ ಸುಮಾರು 3,180, ಅಲ್ಲಿಂದ ಸಿಡ್ನಿಗೆ 6,300 ಕಿ.ಮೀ. ನೇರ ದಾರಿಗಿಂತ ನೂರಿಪ್ಪತ್ತು, ನೂರಮೂವತ್ತು ಕಿಲೋಮೀಟರ್ ಮಾತ್ರ ಹೆಚ್ಚು. ಕಾಲು ಚಾಚಿ ನಡೆದಾಡಲು ಸಿಕ್ಕ ಆ ಮೂರೂವರೆ ಗಂಟೆ ನನ್ನ ಮಂಡಿಗಳಿಗೆ ವರವಾಯಿತು. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ, ಸಾಮಾನು ನೇರ ಸಿಡ್ನಿಗೇ ಹೋಗುತ್ತದೆ.

ಟಿಕೆಟ್‌ನಲ್ಲಿ ರಾತ್ರಿ 11ಕ್ಕೆ ಹೊರಟು ಮರುದಿನ ಸಂಜೆ 7.15ಕ್ಕೆ ಇಳಿಯುವುದು ಎಂದಿತ್ತು. ಇಪ್ಪತ್ತು ಗಂಟೆ ಎಂದು ಗಾಬರಿಯಾಗಿದ್ದೆ. ಆಯಾ ಊರಿನ ಗಡಿಯಾರದ ಲೆಕ್ಕ ಅದು. ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ; ಅಕ್ಟೋಬರ್‌ನಿಂದ ಏಪ್ರಿಲ್ ಆರಂಭದವರೆಗೆ ಐದೂವರೆ. ಕಳೆದರೆ ಹದಿನೈದು ಮುಕ್ಕಾಲು ಗಂಟೆ, ಅದರಲ್ಲಿ ಹಾರಾಟ ಹನ್ನೆರಡು ಕಾಲು. ಮಗಳ ಮನೆಯ ಬಾಗಿಲು ತಟ್ಟಿದ್ದು ಅಲ್ಲಿನ 9.30ಕ್ಕೆ. ಮನೆಯಿಂದ ಮನೆಗೆ ಮೂವತ್ತೊಂದು ಗಂಟೆ.

ತಿನಿಸಿನ ವಿಷಯದಲ್ಲಿ ಆಸ್ಟ್ರೇಲಿಯಾದವರು ಬಹಳ ಕಟ್ಟುನಿಟ್ಟು. ಪಂದಿ (ಹಂದಿಮಾಂಸದ) ಉಪ್ಪಿನಕಾಯಿಯ ಆಸೆ ಬಿಡಿ, ಬೀಜ, ಗಿಡಗಳನ್ನೂ ಮುಟ್ಟಬೇಡಿ. ಉಳಿದದ್ದನ್ನೆಲ್ಲ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ತಪ್ಪದೆ ನಮೂದಿಸಿ, ಮುಚ್ಚಿಟ್ಟರೆ ದಂಡ. ನಾವು ಕಾಫಿ ಪುಡಿ, ಕರಿಮೆಣಸು, ಒಂದು ಬಾಟಲಿ ಕಾಚಂಪುಳಿ ಬರೆದಿದ್ದೆವು. ಅಧಿಕಾರಿಣಿ ಬಾಟಲಿಯನ್ನು ದೀಪಕ್ಕೆ ಹಿಡಿದರು. ಬೆಳಕು ಒಂದಿಷ್ಟೂ ಹಾಯಲಿಲ್ಲ. ‘ಎಂಜಿನ್ ಆಯಿಲ್ಲೇ?’ ಎಂದರು. ‘ಹಣ್ಣಿನಿಂದ ಮಾಡಿದ ಹುಳಿ, ವಿನಿಗರ್ ಹಾಗೆ’ ಎಂದೆ. ಮುಚ್ಚಳ ತೆಗೆದು ಮೂಸಿ, ಮೂಗು ಹಿಂದೆಳೆದುಕೊಂಡು, ಮುಚ್ಚಳ ಬಿಗಿಯಾಗಿ ತಿರುಗಿಸಿ ಕೊಟ್ಟರು.