ನೀರನ್ನು ತೂಗಿ ನೋಡಿದ ದಿನ

ಬೆಳಗ್ಗೆ ಹನ್ನೊಂದರ ಸುಮಾರಿಗೆ ಮೊದಲ ಗ್ರಾಫ್ ಬಂತು. 90 ಬರಬೇಕಾದ ಕಡೆ 270 ಬಂದಿತ್ತು.

ನಾನು ಅಳೆಯುತ್ತಿದ್ದದ್ದು ಪೈರನೀನ್ ಎಂಬ ಬಣ್ಣವನ್ನು. ಹಳದಿ ಹೈಲೈಟರ್ ಶಾಯಿಗೂ ಇದನ್ನು ಹಾಕುತ್ತಾರೆ. ಕತ್ತಲಲ್ಲಿ ಇದು ತೀರಾ ಸೌಮ್ಯ ಆಮ್ಲ, ಪಿಕೆಎ 7ಕ್ಕಿಂತ ಮೇಲೆ (ಪಿಕೆಎ ಅಂದರೆ ಆಮ್ಲಬಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಪ್ರಬಲ). ನೇರಳೆ ಬೆಳಕು ಹೀರಿಕೊಂಡ ಕೂಡಲೇ ಅದೇ ಅಣುವಿನ ಪಿಕೆಎ 1ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಆಮ್ಲಬಲ ಸುಮಾರು ಹತ್ತು ಲಕ್ಷ ಪಟ್ಟು ಏರಿತು ಅಂತ. ಆಗ ಅದು ತನ್ನ ಪ್ರೋಟಾನನ್ನು, ಅಂದರೆ ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ಸನ್ನು, ಪಕ್ಕದ ನೀರಿಗೆ ಕೊಟ್ಟುಬಿಡುತ್ತದೆ. ಕೊಡುವ ಮುಂಚೆ ಸೂಸುವುದು ನೀಲಿ, 440 ನ್ಯಾನೋಮೀಟರ್ ಹತ್ತಿರ. ಕೊಟ್ಟ ಮೇಲೆ ಹಸಿರು, 510ರ ಹತ್ತಿರ. ಬೆಳಕು ಬಿದ್ದಾಗ ಅಣುವೊಂದು ಹೀಗೆ ಸ್ವಭಾವವನ್ನೇ ಬದಲಿಸುತ್ತದೆ ಎಂಬುದನ್ನು ಜರ್ಮನಿಯ ಥಿಯೊಡೋರ್ ಫರ್ಸ್ಟರ್ 1950ರ ಹೊತ್ತಿಗೇ ವಿವರಿಸಿದ್ದರು. ಇಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ.

ನೀಲಿ ಎಷ್ಟು ಬೇಗ ಆರುತ್ತದೋ ಪ್ರೋಟಾನ್ ಅಷ್ಟು ಬೇಗ ಹೊರಟಿತು ಎಂದು ಲೆಕ್ಕ. ನೀರಿನಲ್ಲಿ ಅದು ಸುಮಾರು 90 ಪಿಕೋಸೆಕೆಂಡ್. ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ. ಅಷ್ಟರಲ್ಲಿ ಬೆಳಕೇ ಮೂರು ಸೆಂಟಿಮೀಟರ್ ದಾಟಲಾರದು.

ಮೊದಲು ಯಂತ್ರದ ಮೇಲೆ ಅನುಮಾನ ಬಂತು. ಸಿಲಿಕಾ ಕಣ ಬೆರೆಸಿದ ನೀರಿಟ್ಟು ಲೇಸರ್ ಮಿಡಿತದ ಅಗಲ ನೋಡಿದೆ, ಸರಿಯಾಗಿತ್ತು. ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆ ಕ್ಯುವೆಟ್, ಅದನ್ನು ತೊಳೆದ ಮೆಥನಾಲ್ ಉಳಿದಿರಬಹುದೇ? ಮೆಥನಾಲ್‌ಗೆ ಈ ಪ್ರೋಟಾನನ್ನು ಹಿಡಿದುಕೊಳ್ಳುವ ತಾಕತ್ತಿಲ್ಲ, ಅದರಲ್ಲಿ ಪೈರನೀನ್ ನೀಲಿಯಾಗಿಯೇ ಇರುತ್ತದೆ. ಕ್ಯುವೆಟ್ ಒಣಗಿಸಿ ಮತ್ತೆ ತುಂಬಿದೆ. 268. ಉಪ್ಪು ಜಾಸ್ತಿಯಾದರೂ ಪ್ರೋಟಾನ್ ನಿಧಾನವಾಗುತ್ತದೆ, ಆದರೆ ನಾನು ಉಪ್ಪು ಹಾಕಿಯೇ ಇರಲಿಲ್ಲ. ಮಧ್ಯಾಹ್ನ ಮೂರಾಯಿತು. ಕಣ್ಣಿಗೆ ಮಾತ್ರ ದ್ರಾವಣ ಎಂದಿನಂತೆ ಝಗಝಗ ಹಸಿರಾಗಿತ್ತು.

ಮೇಡಂ ಬಂದು ಗ್ರಾಫ್ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನೀರು ಯಾವ ಬಾಟಲಿಯದು?"

ಕಪಾಟಿನ ಮೂಲೆಯಲ್ಲಿದ್ದ ಗಾಜಿನ ಬಾಟಲಿ ತೋರಿಸಿದೆ. ಚೀಟಿ ಉದುರಿಹೋಗಿತ್ತು, ಅಂಟಿನ ಗುರುತು ಮಾತ್ರ ಉಳಿದಿತ್ತು. ಅದರ ಮೇಲೆ ಬೆರಳಾಡಿಸಿ, "ಒಂದು ಎಂಎಲ್ ತೂಗಿ ನೋಡು," ಅಂದರು.

ಪಿಪೆಟ್‌ನಲ್ಲಿ ಸರಿಯಾಗಿ ಒಂದು ಎಂಎಲ್ ತೆಗೆದು ತಕ್ಕಡಿಯ ಮೇಲಿನ ಪುಟ್ಟ ಸೀಸೆಗೆ ಬಿಟ್ಟೆ. ಗಾಜಿನ ಬಾಗಿಲು ಮುಚ್ಚಿದೆ. ಅಂಕಿಗಳು ಮೇಲೆ ಕೆಳಗೆ ಆಡಿ ನಿಂತವು: 1.10 ಗ್ರಾಂ. ಪಕ್ಕದ ಡಬ್ಬಿಯ ಮಾಮೂಲಿ ಡಿಸ್ಟಿಲ್ಡ್ ವಾಟರ್ ತೂಗಿದೆ: 1.00.

ಭಾರಜಲ! ಹೈಡ್ರೋಜನ್ ಜಾಗದಲ್ಲಿ ಡ್ಯುಟೇರಿಯಂ, ಅಂದರೆ ಒಂದು ನ್ಯೂಟ್ರಾನ್ ಹೆಚ್ಚಿರುವ ಹೈಡ್ರೋಜನ್, ಇರುವ ನೀರು. ಹಿಂದೆ ಯಾರೋ ಬಳಸಿ ಉಳಿಸಿದ್ದು. ಪೈರನೀನ್ ಅದರಲ್ಲಿ ಕರಗಿದಾಗ ತನ್ನ ಹೈಡ್ರೋಜನ್ ಬಿಟ್ಟು ಡ್ಯುಟೇರಿಯಂ ತೊಡುತ್ತದೆ. ಡ್ಯುಟೇರಿಯಂ ಎರಡು ಪಟ್ಟು ಭಾರ, ಆಮ್ಲಜನಕದೊಂದಿಗಿನ ಅದರ ಬಂಧ ಶಕ್ತಿಯ ಮಟ್ಟದಲ್ಲಿ ಇನ್ನೂ ಕೆಳಗೆ ಕೂತಿರುತ್ತದೆ, ಅಲ್ಲಿಂದ ಏಳಿಸುವುದು ಕಷ್ಟ. ಅದಕ್ಕೇ ಮೂರು ಪಟ್ಟು ನಿಧಾನ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಕೇವಲ ಒಂದು ನ್ಯೂಟ್ರಾನಿನ ವ್ಯತ್ಯಾಸ ತಕ್ಕಡಿಯಲ್ಲೂ ಲೇಸರಿನಲ್ಲೂ ಒಂದೇ ದಿನ ನನ್ನೆದುರು ಬಂದು ನಿಂತಾಗ ಮೈ ಜುಮ್ಮೆಂದಿತು.

ಮಾಮೂಲಿ ನೀರಿನಲ್ಲಿ ಹೊಸ ದ್ರಾವಣ ಮಾಡಿದೆ. 91. ಬಾಟಲಿಗೆ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಮೇಡಂ ಹೊರಟವರು ಬಾಗಿಲಲ್ಲಿ ನಿಂತು, "ಅರ್ಧಕ್ಕರ್ಧ ಬೆರೆಸಿದರೆ ಎಷ್ಟು ಬರಬಹುದು?" ಅಂದರು. ಲೇಸರ್ ಆರಿಸಲು ಹೋದ ಕೈ ಹಿಂದಕ್ಕೆ ಬಂತು, ಪಿಪೆಟ್ ತೆಗೆದುಕೊಂಡೆ.